ಹತ್ತನೆಯ ಮನೆ

ಪೀಣ್ಯ
೧೬ ಜನವರಿ ೧೯೮೩

ನಾಣಿ,

ಜಾಲಹಳ್ಳಿ ಬಸ್‌ಸ್ಟಾಪಿನಲ್ಲಿ ನಿಮ್ಮ ತಂದೆ ಕೃಷ್ಣಸ್ವಾಮಿಯವರು ಸಿಕ್ಕಿದ್ದರು. ಮಗ ಬೊಂಬಾಯಿಯಲ್ಲಿ ವಾದ್ಯಗೋಷ್ಠಿ ಸೇರಿದ್ದಾನೆ, ಮೌತ್ ಆರ್ಗನ್ ಊದಿದರೆ ಸಂಬಳ ಕೊಡುತ್ತಾರಂತೆ ಎಂದರು. ಅವರ ಬಾಯಲ್ಲಿ ನಿನ್ನ ಹೊಗಳಿಕೆ ಬಂದದ್ದು ಇದೇ ಮೊದಲು, ಹಾಗಾಗಿ ನಿಜವೇ ಇರಬೇಕು ಎಂದುಕೊಂಡೆ. ನಮ್ಮ ಶೆಡ್ಡಿನಲ್ಲಿ ಅಪ್ರೆಂಟಿಸ್ ಆಗಿದ್ದಾಗ ಒಂದು ಬಿಲ್ಲೆಯನ್ನೂ ಸರಿಯಾಗಿ ಹೊಡೆಯದೆ ಓಡಿಹೋದವನು ನೀನು. ಓಡಿದ್ದೇ ಒಳ್ಳೆಯದಾಯಿತು ಬಿಡು.

ನಾನು ಇದ್ದಲ್ಲೇ ಇದ್ದೇನೆ. ತಗಡು ಇಡು, ಪೆಡಲ್ ತುಳಿ, ದಡ್ ಅನ್ನಲಿ, ಬಿಲ್ಲೆ ತೆಗೆ. ತಗಡು ಕತ್ತರಿಸುವ ನನ್ನ ಪ್ರೆಸ್ಸು ನಿಂತಿರುವುದು ನಮ್ಮ ಹಳೆಯ ಬಾವಿಯ ಮೇಲೆ ಎಂದು ನಿನಗೆ ಗೊತ್ತಲ್ಲ. ಹೊಲ ಕಾರ್ಖಾನೆಗೆ ಹೋಯಿತು, ಹೊಲಕ್ಕೆ ಬದಲಾಗಿ ಮನೆಗೊಂದು ಕೆಲಸ ಬಂತು, ಆ ಕೆಲಸ ನಾನು. ಗೇಟಿನ ಪಕ್ಕ ಉಳಿದಿರುವ ಹೊಂಗೆ ಮರದ ಕೆಳಗೆ ಅಪ್ಪ ದಿನವೂ ಬಂದು ಕೂರುತ್ತಾನೆ. ಒಮ್ಮೆ ಬೇಜಾರಿನಲ್ಲಿ ಬಿಟ್ಟುಬಿಡ್ತೀನಿ ಎಂದದ್ದಕ್ಕೆ, “ಅದು ಕೆಲ್ಸ ಅಲ್ಲ ಕಣ್ಲಾ, ನಮ್ ಒಲ. ಒಲ ಬುಟ್ಟು ಯಾರಾನಾ ಓಗ್ತಾರಾ?” ಎಂದ.

ಕೇಳಬೇಕಾದ್ದು ಬೇರೆ. ನೀನು ಬಿಟ್ಟುಹೋದ ಎರಡು ಸಾಲಿನ ಮೌತ್ ಆರ್ಗನ್ನನ್ನು ಊಟದ ಹೊತ್ತಿನಲ್ಲಿ ತಗಡಿನ ಚೂರಿನ ರಾಶಿಯ ಹಿಂದೆ ಕೂತು ಈಗಲೂ ನುಡಿಸುತ್ತೇನೆ. ಹಾಡು ಬರುತ್ತದೆ, ಆದರೆ ಸ್ವರ ಬಗ್ಗುವುದಿಲ್ಲ. ಗಾ ಇಂದ ರೀ ಗೆ ಜಾರಬೇಕಾದಲ್ಲಿ ಮೆಟ್ಟಿಲು ಇಳಿದ ಹಾಗೆ ಕುಕ್ಕುತ್ತದೆ. ಗಮಕ ಬರುವಂಥ ಮೌತ್ ಆರ್ಗನ್ ಯಾವುದು? ಹೇಗೆ ಆರಿಸಬೇಕು? ನನಗೆ ಇದನ್ನು ಬಿಟ್ಟರೆ ಬೇರೆ ಗಾಳಿ ಇಲ್ಲ ನಾಣಿ.

ಚಿಕ್ಕಬೈರಪ್ಪ


ಮಾಟುಂಗಾ, ಬೊಂಬಾಯಿ
೨ ಫೆಬ್ರವರಿ ೧೯೮೩

ಚಿಕ್ಕ,

ಕಾಗದ ಬಂತು. ಗಮಕದ ಆಸೆ ಹುಟ್ಟಿತೇ ನಿನಗೆ? ಮುಗಿಯಿತು, ಇನ್ನು ನಿದ್ದೆ ಬರುವುದಿಲ್ಲ.

ಹೇಳುತ್ತೇನೆ ಕೇಳು. ನಿನ್ನ ಹತ್ತಿರ ಇರುವುದರಲ್ಲಿ ಒಂದೊಂದು ಸ್ವರಕ್ಕೂ ಎರಡೆರಡು ಹಿತ್ತಾಳೆ ರೀಡು, ಗಾಳಿಗೆ ನಡುಗಿ ನುಡಿಯುವ ತೆಳು ಪಟ್ಟಿ. ಕೇಳಲು ಇಂಪು, ಆದರೆ ಜೋಡೆತ್ತು ಕಣೋ. ಒಂದು ತಿರುಗಿ ಇನ್ನೊಂದು ತಿರುಗದಿದ್ದರೆ ನೇಗಿಲು ಬಗ್ಗುತ್ತದೆಯೇ? ನಿನಗೆ ಬೇಕಾದದ್ದು ಹತ್ತು ಮನೆಯ, ಒಂಟಿ ರೀಡಿನ ಪುಟ್ಟ ಜರ್ಮನಿ ವಾದ್ಯ. (ತೂತು ಎನ್ನಬೇಡ, ಅಳಿಗುಳಿಮಣೆಯ ಹಾಗೆ ಮನೆ ಎನ್ನಬೇಕು ಎಂದು ನಮ್ಮಿಬ್ಬರ ಕರಾರು, ನೆನಪಿದೆಯೇ?) ಅದರಲ್ಲಿ ಗಂಟಲು ಇಳಿಸಿ, ನಾಲಗೆ ಹಿಂದಕ್ಕೆ ಎಳೆದು ಉಸಿರು ಎಳೆದರೆ ಸ್ವರ ತಾನಾಗಿ ಬಾಗುತ್ತದೆ. ಮೇಲಿನ ಮೂರು ಮನೆಗಳಲ್ಲಿ ಊದುವಾಗ ಬಾಗುತ್ತದೆ, ಅದು ಕಷ್ಟ, ಅಲ್ಲೇ ವಿದ್ಯೆ ಗೊತ್ತಾಗುವುದು. ಇದು ಬಂದಮೇಲೆ ಪಕ್ಕದಲ್ಲಿ ಗುಂಡಿ ಇರುವ ದೊಡ್ಡ ವಾದ್ಯ. ಗುಂಡಿ ಒತ್ತಿದರೆ ಕೋಮಲ, ತೀವ್ರ ಎಲ್ಲವೂ ಸಿಗುತ್ತದೆ.

ಆರಿಸುವುದಕ್ಕೆ ಒಂದೇ ಪರೀಕ್ಷೆ. ಪ್ರತಿ ಮನೆಯಲ್ಲೂ ಮೆಲ್ಲಗೆ ಊದು, ಮೆಲ್ಲಗೆ ಎಳೆ. ಮಲಗಿದ ಮಗುವಿನ ಉಸಿರಿನಷ್ಟು ಸಾಕು. ಅಷ್ಟಕ್ಕೇ ನುಡಿದರೆ ಒಳ್ಳೆಯ ವಾದ್ಯ. ಯಾವ ಮನೆ ನುಡಿಯುವುದಿಲ್ಲವೋ ಅದು ಸತ್ತ ಮನೆ, ಅಂಥದ್ದು ಬೇಡ.

ನಮ್ಮ ಅಕ್ಕ ಸೀತಾ ಬೆಂಗಳೂರಿಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಹತ್ತು ಮನೆಯದೊಂದನ್ನು ಕಳಿಸುತ್ತೇನೆ. ಮತ್ತೆ ಇನ್ನೊಂದು ಮಾತು. ನಮ್ಮ ತಂಡದ ಯಜಮಾನರು ಸ್ವರ ಬಾಗಿಸಬಲ್ಲ ಇನ್ನೊಬ್ಬನನ್ನು ಹುಡುಕುತ್ತಿದ್ದಾರೆ. ಮಳೆಗಾಲ ಕಳೆದಮೇಲೆ ಊರೂರು ಕಾರ್ಯಕ್ರಮ. ನಿನ್ನ ಹೆಸರು ಹೇಳಿಬಿಟ್ಟಿದ್ದೇನೆ. ಕಲಿ. ಬಾ. ಆ ಬಾವಿಯಿಂದ ಮೇಲೆ ಹತ್ತಿ ಬಾ ಮಾರಾಯ.

ನಾಣಿ


ಪೀಣ್ಯ
೨೦ ಮಾರ್ಚ್ ೧೯೮೩

ನಾಣಿ,

ಬಾಗಿತು! ಮೂರನೆಯ ಮನೆ ಎಳೆಯುವಾಗ ಬಾಗಿತು. ಮೊದಲು ಎಮ್ಮೆ ನರಳಿದ ಹಾಗಾಯಿತು. ಆಮೇಲೆ ಒಂದು ಮಧ್ಯಾಹ್ನ, ಯಾರೋ ಬೆನ್ನ ಮೇಲೆ ಕೈ ಆಡಿಸಿದ ಹಾಗೆ, ಮೆತ್ತಗೆ ಜಾರಿ ಇಳಿಯಿತು. ಅಳು ಬಂತು. ಪಕ್ಕದ ಪ್ರೆಸ್ಸಿನ ರಾಮಾಂಜಿನಪ್ಪ ನೋಡಿ ಕಣ್ಣಿಗೆ ಚೂರು ಬಿತ್ತೇನೋ ಎಂದು ಓಡಿ ಬಂದ.

ಒಂದೇ ಕೊರತೆ. ಒಂಬತ್ತನೆಯದು, ಹತ್ತನೆಯದು ಸತ್ತ ಮನೆಗಳು. ನೀನು ಹೇಳಿದ ಹಾಗೆ ಮೆಲ್ಲಗೆ ಊದಿದೆ, ಗಾಳಿ ಮಾತ್ರ ಬಂತು. ಜೋರಾಗಿ ಊದಿದೆ, ಜೋರಾಗಿ ಗಾಳಿ ಬಂತು. ಅಂಗಡಿಯವನು ನಿನಗೆ ಟೋಪಿ ಹಾಕಿದ್ದಾನೆ. ಇಲ್ಲವೇ ಇಷ್ಟು ಮೇಲಿನ ಸ್ವರದ್ದು ಬೇಡ, ತಗ್ಗಿನ ಸ್ವರದ್ದು ಸಿಗುತ್ತದೆಯೇ ವಿಚಾರಿಸು.

ಮನೆಯಲ್ಲಿ ಸಂಜೆ ನುಡಿಸಿದರೆ ಭದ್ರಮ್ಮ ಕಿವಿ ಮುಚ್ಚಿಕೊಂಡು ಒಳಗೆ ಹೋಗುತ್ತಾಳೆ. “ಸಾಕು ಬುಡಿ, ಕಿವೀಗೆ ಸೂಜಿ ಚುಚ್ಚಿದಂಗಾಯ್ತದೆ” ಎನ್ನುತ್ತಾಳೆ. ಕಟ್ಟಿಕೊಂಡವಳಿಗೆ ಸಂಗೀತವೆಂದರೆ ಆಗದು, ಏನು ಮಾಡುವುದು, ನನ್ನ ಹಣೆಬರಹ. ಬೊಂಬಾಯಿಯ ವಿಷಯ ಅವಳಿಗೂ ಹೇಳಿಲ್ಲ, ಅಪ್ಪನಿಗೂ ಹೇಳಿಲ್ಲ. ಮೊದಲು ಕೈಗೂಡಲಿ.

ಚಿಕ್ಕಬೈರಪ್ಪ


ಮಾಟುಂಗಾ
೯ ಏಪ್ರಿಲ್ ೧೯೮೩

ಚಿಕ್ಕ,

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಹತ್ತೂ ಮನೆಗಳನ್ನು ನಾನೇ ಊದಿ ನೋಡಿ ಕಳಿಸಿದ್ದೆ, ಹತ್ತನೆಯದು ಹಕ್ಕಿಮರಿಯ ಹಾಗೆ ನುಡಿಯುತ್ತಿತ್ತು. ನೀನು ಪ್ರೆಸ್ಸು ತುಳಿಯುವ ಹಾಗೆ ಊದಿ ಕೊಂದಿರಬೇಕು. ತಗ್ಗಿನ ಸ್ವರದ್ದು ಬೇಕಂತೆ! ಏರಲಾರದವನಿಗೆ ಬೆಟ್ಟವೇ ಎತ್ತರವಾಯಿತೇ? ಮೇಲಿನ ಸ್ವರಕ್ಕೆ ಹೆದರಿದವನನ್ನು ಯಾವ ತಂಡವೂ ತೆಗೆದುಕೊಳ್ಳುವುದಿಲ್ಲ.

ಬೈದದ್ದು ಸಾಕು. ಇಲ್ಲಿನ ಧೋಬಿ ತಲಾವಿನ ವಾದ್ಯದ ಅಂಗಡಿಗಳಲ್ಲಿ ಸುತ್ತಿ ನಿನಗೊಂದು ಗುಂಡಿಯ ವಾದ್ಯ ಹುಡುಕಿದ್ದೇನೆ. ಹನ್ನೆರಡು ಮನೆ. ಇದಕ್ಕಿಂತ ಒಳ್ಳೆಯದು ಈ ದೇಶದಲ್ಲಿ ಸಿಗುವುದು ಕಷ್ಟ. ನಿಮ್ಮ ಕಡೆ ಹೊರಟ ಪರಿಚಯದವರೊಬ್ಬರ ಕೈಯಲ್ಲಿ ಬರುತ್ತದೆ. ಅಭ್ಯಾಸ ಮಾಡಿ ಒಂದು ಕ್ಯಾಸೆಟ್ಟಿನಲ್ಲಿ ತುಂಬಿ ಕಳಿಸು, ಯಜಮಾನರಿಗೆ ಕೇಳಿಸುತ್ತೇನೆ. ಜೋಪಾನ ಕಣೋ. ಬಿಚ್ಚಬೇಡ.

ನಾಣಿ


ಪೀಣ್ಯ
೨೯ ಮೇ ೧೯೮೩

ನಾಣಿ,

ಇಂಥ ವಾದ್ಯವನ್ನು ಮುಟ್ಟುತ್ತೇನೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಕಾರ್ಖಾನೆಗೆ ಒಯ್ಯುವುದಿಲ್ಲ, ದೇವರ ಗೂಡಿನಲ್ಲಿ ಇಟ್ಟಿದ್ದೇನೆ. ಗುಂಡಿ ಒತ್ತಿ ಬಿಟ್ಟು ಒತ್ತಿ ಬಿಟ್ಟು, ಸ್ವರ ಬಾಗಿಸಿ, ನಿನ್ನ ಕಾಲದ ಹಾಡುಗಳನ್ನೆಲ್ಲ ನುಡಿಸಿದೆ.

ಬೈಯಬೇಡ. ಇದರಲ್ಲೂ ಕೊನೆಯ ಮನೆಗಳು ಸತ್ತಿದ್ದವು. ಎರಡೂ ವಾದ್ಯ ಒಂದೇ ಥರ ಹೇಗೆ ಕೆಟ್ಟವು ಎಂದು ಯೋಚಿಸಿದೆ. ನಮ್ಮ ಶೆಡ್ಡಿನಲ್ಲಿ ತುಂಡು ಕೂರದಿದ್ದರೆ ಏನು ಮಾಡುತ್ತೇವೆ? ಅಂಚಿನಲ್ಲಿ ಉಳಿದ ಮುಳ್ಳನ್ನು ಅರದಿಂದ ಉಜ್ಜಿ ತೆಗೆಯುತ್ತೇವೆ. ರೀಡೂ ತಗಡೇ ತಾನೇ? ಬಿಚ್ಚಿದೆ. ಸಣ್ಣ ಅರ ತಂದು ಕೊನೆಯ ಐದಾರು ರೀಡುಗಳ ಅಂಚನ್ನು ಮೆಲ್ಲಗೆ ಸವರಿ, ಮತ್ತೆ ಕೂಡಿಸಿದೆ. ಒಂದೂ ಸ್ಕ್ರೂ ಮಿಗಲಿಲ್ಲ, ನೀನಾಗಿದ್ದರೆ ನಾಲ್ಕು ಮಿಗುತ್ತಿದ್ದವು. ಈಗ ಗಾಳಿಯ ಜೊತೆ ಸ್ವಲ್ಪ ಸ್ವರವೂ ಬಂದ ಹಾಗೆ ಎನಿಸುತ್ತದೆ.

ಟೀ ಅಂಗಡಿ ಚಿನ್ನಪ್ಪನ ಟೇಪ್ ರೆಕಾರ್ಡರಿನಲ್ಲಿ ತುಂಬಿಸಿದ ಕ್ಯಾಸೆಟ್ಟು ಇದರ ಜೊತೆ ಇದೆ. ಮೇಲಿನ ಸ್ವರಕ್ಕೆ ಹೆದರುತ್ತೇನೆ ಎಂದೆಯಲ್ಲ, ಎರಡನೆಯ ಹಾಡಿನ ಕೊನೆ ಕೇಳು. ಕೊನೆಯ ಮನೆಯವರೆಗೂ ಹೋಗಿದ್ದೇನೆ. ಯಜಮಾನರು ಏನೆಂದರು, ಕೂಡಲೇ ಬರೆ. ಅವರು ಹೂಂ ಎಂದರೆ ಅಪ್ಪನ ಮುಂದೆ ನಿಂತು ಹೇಳಿಯೇ ಬಿಡುತ್ತೇನೆ. ಧೈರ್ಯ ಬಂದಿದೆ.

ಚಿಕ್ಕಬೈರಪ್ಪ


ಮಾಟುಂಗಾ
೧೮ ಜೂನ್ ೧೯೮೩

ಚಿಕ್ಕಬೈರಪ್ಪನಿಗೆ,

ಕ್ಯಾಸೆಟ್ಟು ವಾಪಸು ಕಳಿಸಿದ್ದೇನೆ. ನೀನೇ ಕೇಳು.

ಯಜಮಾನರು ಎರಡನೆಯ ಹಾಡಿನ ಕೊನೆ ಬಂದಾಗ ಎದ್ದು ಟೇಪು ನಿಲ್ಲಿಸಿದರು. ತಂಡದವರೆಲ್ಲ ನನ್ನ ಮುಖ ನೋಡಿದರು. ಮೇಲಿನ ಒಂದು ಸ್ವರವೂ ತನ್ನ ಜಾಗದಲ್ಲಿಲ್ಲ, ಗಾಜಿನ ಮೇಲೆ ಮೊಳೆ ಎಳೆದ ಹಾಗಿದೆ. ಸಂಗೀತ ಬಲ್ಲವನು ಇದನ್ನು ತಿಳಿಯದೆ ಕಳಿಸುತ್ತಾನೆಯೇ? ಬರಲು ಮನಸ್ಸಿಲ್ಲದಿದ್ದರೆ ಬಾಯಿಬಿಟ್ಟು ಹೇಳಬಹುದಿತ್ತು. ನನ್ನ ಮಾನ ಕಳೆದು ಹೇಳಬೇಕಾಗಿತ್ತೇ? ವಾದ್ಯಕ್ಕೆ ಅರ ಹಾಕಿ ಹೇಳಬೇಕಾಗಿತ್ತೇ?

ಇನ್ನೊಂದು ತಿಳಿದಿರಲಿ. ಆ ಗುಂಡಿಯ ವಾದ್ಯವನ್ನು ನಾನು ಯಾವ ಅಂಗಡಿಯಲ್ಲೂ ಹುಡುಕಲಿಲ್ಲ. ನಾನು ಹೊಟ್ಟೆ ಹೊರೆಯುತ್ತಿದ್ದ ವಾದ್ಯ ಅದು. ನೀನು ಬಂದು ಸೇರುವವರೆಗೆ ಇನ್ನೊಬ್ಬರದನ್ನು ಬೇಡಿ ನುಡಿಸಿದರಾಯಿತು ಎಂದುಕೊಂಡಿದ್ದೆ. ಕಳಿಸಿಬಿಡು.

ನಾರಾಯಣ


ಪೀಣ್ಯ
೪ ಸೆಪ್ಟೆಂಬರ್ ೧೯೮೩

ನಾಣಿ,

ನಿನ್ನ ಕಾಗದಕ್ಕೆ ಎಷ್ಟೋ ಸಲ ಉತ್ತರ ಬರೆದು ಹರಿದೆ. ಮೊದಮೊದಲು ಸಿಟ್ಟು. ನಾನು ಬೇಕೆಂದೇ ಕೆಡಿಸಿದೆ ಎಂದು ನೀನು ಹೇಗೆ ಬರೆದೆ? ಆಮೇಲೆ ಸಿಟ್ಟು ಮಾಡಿಕೊಳ್ಳಲು ಬಾಯೇ ಇಲ್ಲದ ಹಾಗಾಯಿತು. ನಡೆದದ್ದನ್ನು ಹೇಳುತ್ತೇನೆ.

ಚಿನ್ನಪ್ಪನ ಟೇಪು ಮನೆಗೆ ತಂದು ಕ್ಯಾಸೆಟ್ಟು ಹಾಕಿದೆ. ಭದ್ರಮ್ಮ ಅಕ್ಕಿ ಆರಿಸುತ್ತಾ ಕೂತಿದ್ದಳು. ಮೊದಲ ಹಾಡು ನನಗೆ ಚೆನ್ನಾಗಿಯೇ ಕೇಳಿಸಿತು. ಎರಡನೆಯ ಹಾಡಿನ ಕೊನೆ ಬಂದಾಗ ಅವಳು ಮೊರ ಬಿಟ್ಟು ಕಿವಿ ಮುಚ್ಚಿಕೊಂಡಳು.

“ಯಾಕೆ?” ಎಂದೆ.

“ನಿಮ್ಗೆ ಕೇಳ್ತಾ ಇಲ್ವಾ?”

“ಅಲ್ಲಿ ಬರೀ ಗಾಳಿ ತಾನೇ ಇರೋದು?”

ಅವಳು ಮೊರ ಸರಿಸಿ ಎದ್ದಳು. ದೇವರ ಗೂಡಿನಿಂದ ವಾದ್ಯ ತೆಗೆದುಕೊಟ್ಟು, “ಊದಿ” ಎಂದಳು. ಕೇಳಿಸಿದಾಗ ಕೈ ಎತ್ತುತ್ತೇನೆ ಎಂದಳು. ಕೊನೆಯ ಮನೆ ಮೆಲ್ಲಗೆ ಊದಿದೆ, ನನಗೆ ಗಾಳಿ, ಅವಳ ಕೈ ಮೇಲೆ. ಇನ್ನೂ ಮೆಲ್ಲಗೆ ಊದಿದೆ, ಕೈ ಮೇಲೆ. ಆಗ ವಾದ್ಯದ ಮುಚ್ಚಳದ ಮೇಲಿದ್ದ ಬೆರಳಿಗೆ ರೀಡು ನಡುಗುವುದು ತಿಳಿಯಿತು. ರೀಡು ಸತ್ತಿರಲಿಲ್ಲ ನಾಣಿ. ಒಂದೂ ಸತ್ತಿರಲಿಲ್ಲ. ನನಗೆ ಕೇಳಿಸುತ್ತಿಲ್ಲವೆಂದು ಜೋರಾಗಿ ಊದಿ ಊದಿ ಇಷ್ಟು ತಿಂಗಳು ಅವಳ ಕಿವಿ ಕೊರೆದಿದ್ದೇನೆ, ಮೇಲಿಂದ ಅವಳಿಗೆ ಸಂಗೀತ ಆಗದು ಎಂದು ನಿನಗೆ ಬರೆದಿದ್ದೇನೆ.

ನಮ್ಮ ಶೆಡ್ಡಿನಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದರಿಂದ ಗೊತ್ತಾಗಲಿಲ್ಲ. ಕಂಪನಿಯ ಡಾಕ್ಟರ ಬಳಿಗೆ ಹೋಗಲಿಲ್ಲ. ನಮ್ಮ ಶೆಡ್ಡಿನ ಹನುಮಂತರಾಯಪ್ಪ, ಅವನೂ ಹೊಲ ಕಳೆದುಕೊಂಡ ಮನೆಯವನೇ, ಕಿವಿ ಮಂದ ಎಂದು ಅವರ ಬಳಿ ಹೇಳಿಕೊಂಡು ಹೋದ. ರೆಸ್ಟ್ ತಗೋ ಎಂದು ಕಳಿಸಿದವರು ಮತ್ತೆ ಕರೆಯಲಿಲ್ಲ. ಹೊಲವೂ ಹೋಯಿತು, ಕೆಲಸವೂ ಹೋಯಿತು. ನಾನು ಯಶವಂತಪುರದಲ್ಲಿ ಬೇರೆ ಡಾಕ್ಟರಿಗೆ ತೋರಿಸಿದೆ. “ಮೆಷಿನ್ ಸದ್ದಿಗೆ ಕಿವಿ ಕೆಟ್ಟಿದೆ, ಹೋದದ್ದು ವಾಪಸ್ ಬರಲ್ಲ. ಆ ಮೆಷಿನ್ ಹತ್ತಿರ ಇನ್ನು ನಿಲ್ಲಬೇಡಿ, ನಿಂತರೆ ಒಂದೊಂದೇ ಕೆಳಗಿನ ಸ್ವರಾನೂ ಹೋಗುತ್ತೆ” ಎಂದರು. ಕಿವಿಗೆ ಹತ್ತಿ ಇಟ್ಟುಕೊಂಡು ನಿಲ್ಲುತ್ತಿದ್ದೇನೆ.

ನಿನ್ನ ವಾದ್ಯ ಕಳಿಸುತ್ತಿದ್ದೇನೆ. ನಿನ್ನ ಅನ್ನಕ್ಕೆ ಅರ ಹಾಕಿದೆ.

ಚಿಕ್ಕ


ಮಾಟುಂಗಾ
೨೫ ಸೆಪ್ಟೆಂಬರ್ ೧೯೮೩

ಚಿಕ್ಕ,

ನಿನ್ನ ಕಾಗದವನ್ನು ಸೀತಕ್ಕನಿಗೆ ಓದಲು ಕೊಟ್ಟೆ. ಅವಳು ಓದಿ, “ತಗ್ಗಿನ ಸ್ವರದ್ದು ಬೇಕು ಅಂತ ಆಗಲೇ ಕೇಳಿದ್ದನಲ್ಲೋ” ಎಂದಳು. ನನಗೆ ತಲೆ ಎತ್ತಲಾಗಲಿಲ್ಲ. ನಿನ್ನನ್ನು ಅಂದದ್ದಕ್ಕೆಲ್ಲ ನನ್ನ ನಾಲಗೆಗೇ ಅರ ಹಾಕಬೇಕು.

ವಾದ್ಯ ಬಂತು. ರಿಪೇರಿಯವನು ನೋಡಿ, ಕೆಲಸ ಮಾತ್ರ ಬಹಳ ನೀಟಾಗಿದೆ ಎಂದ. ಹೊಸ ರೀಡು ಸಿಗುವವರೆಗೆ ಅದು ಪೆಟ್ಟಿಗೆಯಲ್ಲಿರುತ್ತದೆ. ನಾನೀಗ ಹಿಂದಿನ ಸಾಲಿನಲ್ಲಿ ನಿಂತು ಗಿಲಕಿ ಆಡಿಸುತ್ತಿದ್ದೇನೆ. ನಗು. ನೋಡಿದವರೆಲ್ಲ ನಗುತ್ತಿದ್ದಾರೆ.

ಸಿಟ್ಟಿನಲ್ಲಿ ನಿನಗೆ ಹೇಳದೆ ಬಿಟ್ಟ ಒಂದು ಮಾತಿದೆ. ಯಜಮಾನರು ಟೇಪು ನಿಲ್ಲಿಸಿದ್ದು ನಿಜ, ಆದರೆ ಮೊದಲ ಹಾಡನ್ನು ಎರಡು ಸಲ ಹಾಕಿಸಿ ಕೇಳಿದ್ದರು. ಕೆಳಗಿನ ಸ್ವರ ಇಷ್ಟು ಹದವಾಗಿ ಬಾಗಿಸುವವನು ಎಲ್ಲಿದ್ದಾನೆ ಎಂದಿದ್ದರು. ನಿನ್ನ ಸಂಗತಿ ಈಗ ಹೇಳಿದೆ. ಕೆಳಗಿನ ಸ್ವರಕ್ಕೇ ಒಬ್ಬ ಬೇಕು, ಬರಲಿ ಎಂದರು.

ಇದರ ಜೊತೆ ಬಂದಿರುವುದು ಹತ್ತು ಮನೆಯದೇ, ಆದರೆ ಇಂಥವುಗಳಲ್ಲಿ ಎಲ್ಲಕ್ಕಿಂತ ತಗ್ಗಿನ ಸ್ವರದ್ದು. ನೀನು ಕೇಳಿದ್ದು. ಹತ್ತೂ ನಿನಗೆ ಕೇಳಿಸಬೇಕು. ಭದ್ರಮ್ಮನವರನ್ನು ಎದುರಿಗೆ ಕೂರಿಸಿಕೊಂಡು ಆಣೆ ಮಾಡು: ಇದರಲ್ಲಿ ಒಂದು ಮನೆ ಗಾಳಿಯಾದರೂ ಆ ದಿನವೇ ಶೆಡ್ಡು ಬಿಡುತ್ತೇನೆ ಎಂದು. ಅಪ್ಪನಿಗೆ ನಾನೇ ಬಂದು ಕೈಮುಗಿದು ಹೇಳುತ್ತೇನೆ.

ನಾಣಿ


ಪೀಣ್ಯ
೧೪ ಅಕ್ಟೋಬರ್ ೧೯೮೩

ನಾಣಿ,

ಹತ್ತೂ ಕೇಳಿಸಿದವು. ಮೆಲ್ಲಗೆ ಊದಿದರೂ ಕೇಳಿಸಿದವು. ಹತ್ತನೆಯದು ಸ್ವಲ್ಪ ದೂರದಿಂದ ಬರುತ್ತದೆ, ಆಚೆ ಹಟ್ಟಿಯಿಂದ ಯಾರೋ ಕರೆದ ಹಾಗೆ, ಆದರೆ ಬರುತ್ತದೆ. ಭದ್ರಮ್ಮ ಕಿವಿ ಮುಚ್ಚಿಕೊಳ್ಳಲಿಲ್ಲ. ಪೂರಾ ಕೇಳಿ, “ಇನ್ನೊಂದು ನುಡ್ಸಿ” ಎಂದಳು. ನನ್ನ ಸಂಸಾರದಲ್ಲಿ ಮೊದಲ ಸಲ.

ಅವಳಿಗೆ ಬೊಂಬಾಯಿಯ ವಿಷಯವೂ ಹೇಳಿದೆ. ಹೆದರುತ್ತಾಳೆ ಎಂದುಕೊಂಡಿದ್ದೆ. “ಕಿವುಡಾಗಿ ಒಲ ಕಾಯೋಕಿಂತ ಓಗಾನ ಬುಡಿ” ಎಂದಳು. ಆಣೆ ಮಾಡಿದ್ದೇನೆ. ಕೆಲಸದಿಂದ ಬಂದಮೇಲೆ ಜಗಲಿಯ ಮೇಲೆ ಕೂತು ಒಂದರಿಂದ ಹತ್ತರವರೆಗೆ ಊದಬೇಕು, ಅವಳು “ಕೇಳಿಸ್ತಾ?” ಎನ್ನಬೇಕು, ನಾನು “ಕೇಳಿಸ್ತು” ಎನ್ನಬೇಕು. ಇದು ಈಗ ದಿನದ ಪೂಜೆ.

ಚಿಕ್ಕ


ಮಾಟುಂಗಾ
೨೮ ಮೇ ೧೯೮೪

ಚಿಕ್ಕ,

ಯುಗಾದಿಯಿಂದ ನಿನ್ನ ಒಂದು ಸಾಲೂ ಇಲ್ಲ. ಕೆಳಗಿನ ಸ್ವರದ ಜಾಗವನ್ನು ಯಜಮಾನರು ಇನ್ನೂ ತುಂಬಿಲ್ಲ, ಆದರೆ ಎಷ್ಟು ದಿನ ಕಾದಾರು? ಹತ್ತನೆಯ ಮನೆ ಹೇಗಿದೆ? ಅಷ್ಟು ಮಾತ್ರ ಬರೆ.

ನಾಣಿ


ಪೀಣ್ಯ
೧೦ ಜೂನ್ ೧೯೮೪

ನಾಣಿ,

ಉತ್ತರ ಬರೆಯದೆ ತಪ್ಪಿಸಿಕೊಳ್ಳುತ್ತಿದ್ದೆ. ಈಗ ಕೇಳಿಬಿಟ್ಟಿದ್ದೀಯೆ.

ಕಳೆದ ತಿಂಗಳೊಂದು ದಿನ ಕೆಲಸ ಬಿಡುತ್ತೇನೆ ಎಂದು ಚೀಟಿ ಬರೆದು ಜೇಬಿನಲ್ಲಿಟ್ಟುಕೊಂಡು ಹೋದೆ. ಗೇಟಿನ ಹತ್ತಿರ ಹೊಂಗೆ ಮರದ ಕೆಳಗೆ ಅಪ್ಪ ಯಾರೋ ಲಾರಿ ಡ್ರೈವರಿಗೆ ಬೀಡಿ ಕೊಡುತ್ತಾ ಕೂತಿದ್ದ. ನನ್ನನ್ನು ತೋರಿಸಿ, “ಅಗೋ, ನನ್ ಮಗ. ಏನೇ ಆಗ್ಲಿ, ನಮ್ ಒಲ್ದಾಗೆ ನಮ್ಮೋನೇ ಗೇಯ್ತಾವ್ನೆ” ಎಂದ. ಬಾಯಲ್ಲಿ ಹಲ್ಲಿಲ್ಲ, ಆದರೂ ಅದೆಂಥ ನಗು ಎನ್ನುತ್ತೀಯ. ಹತ್ತಿ ಇಟ್ಟುಕೊಂಡಿದ್ದರೂ ಅದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಚೀಟಿ ಜೇಬಿನಲ್ಲೇ ಉಳಿಯಿತು, ನಾನು ಹೋಗಿ ಪೆಡಲ್ ತುಳಿದೆ. ನೀನು ಬಂದು ಕೈಮುಗಿದು ಹೇಳಿದರೆ ಅವನು ಒಪ್ಪಬಹುದು ಎಂದು ನನಗೂ ಗೊತ್ತು. ಒಪ್ಪಿದಮೇಲೆ ಅವನು ಆ ಮರದ ಕೆಳಗೆ ಯಾವ ಮುಖ ಇಟ್ಟುಕೊಂಡು ಕೂರುತ್ತಾನೆ ಹೇಳು. ಅವನಿಂದ ಆ ಹೊಲವನ್ನು ಎರಡನೆಯ ಸಲ ಕಿತ್ತುಕೊಳ್ಳಲು ನನ್ನ ಕೈಯಲ್ಲಿ ಆಗುತ್ತಿಲ್ಲ. ಯಜಮಾನರಿಗೆ ಬೇರೆಯವರನ್ನು ನೋಡಿಕೊಳ್ಳಲು ಹೇಳು.

ಹತ್ತನೆಯ ಮನೆಯ ವಿಷಯ. ಯುಗಾದಿಯ ಹೊತ್ತಿಗೇ ಅದು ಗಾಳಿಯಾಯಿತು.

ಭದ್ರಮ್ಮನಿಗೆ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ? ವಾದ್ಯ ಚೆನ್ನಾಗಿದೆ, ಅವಳ ಕಿವಿಗೆ ಹತ್ತೂ ನುಡಿಯುತ್ತವೆ. ಎಷ್ಟು ಉಸಿರು ಬಿಡಬೇಕೆಂದು ನನ್ನ ತುಟಿಗೆ ಬಾಯಿಪಾಠವಾಗಿದೆ, ರೀಡು ನಡುಗಿದ್ದು ಬೆರಳಿಗೆ ತಿಳಿಯುತ್ತದೆ, ಅವಳು ತಲೆದೂಗುತ್ತಾಳೆ. ನಿನ್ನೆ ಸಂಜೆಯೂ ಜಗಲಿಯ ಮೇಲೆ ಎದುರಿಗೆ ಕೂತು “ಕೇಳಿಸ್ತಾ?” ಎಂದಳು.

“ಕೇಳಿಸ್ತು” ಎಂದೆ.

ನೀನು ಅವಳಿಗೆ ಏನೂ ಬರೆಯಬೇಡ. ಸೋಮವಾರದಿಂದ ನನಗೆ ಮೊದಲ ಪಾಳಿ.

ಚಿಕ್ಕ